ಬಸ್ ಫ್ಯಾಕ್ಟರ್ ಮತ್ತು ಲಂಕೇಶ್ ಪತ್ರಿಕೆ

ಸಾಫ್ಟ್‌ವೇರಿನವರಲ್ಲಿ ‘ಬಸ್ ಫ್ಯಾಕ್ಟರ್’ ಅಂತ ಒಂದು ಮಾತಿದೆ. ಪ್ರಾಜೆಕ್ಟಿನ ಎಷ್ಟು ಜನ ನಾಳೆ ಬಸ್ಸಿನಡಿ ಸಿಕ್ಕರೆ ಕೆಲಸ ಪೂರ್ತಿ ನಿಂತುಹೋಗುತ್ತೋ, ಆ ಸಂಖ್ಯೆ. ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ನಾನಿರೋದು ಹನ್ನೆರಡು ಜನರ ಕಂಪನಿಯಲ್ಲಿ, ಅಲ್ಲಿಯ ಸಂಖ್ಯೆ... ಬೇಡ ಬಿಡಿ :)

ಚಿಕ್ಕ ಸಂಸ್ಥೆಯ ಸುಖ-ಕಷ್ಟದ ಮಾತು ಬಂದಾಗಲೆಲ್ಲ ನನಗೆ ನೆನಪಾಗೋದು ನಮ್ಮ ವಿಜಯನಗರದ ಮನೆಯ ಅಟ್ಟದಲ್ಲಿ ಅಪ್ಪ ಹುರಿಯಲ್ಲಿ ಕಟ್ಟಿಟ್ಟಿರುವ ಕಪ್ಪು-ಬಿಳುಪು ‘ಲಂಕೇಶ್ ಪತ್ರಿಕೆ’ಗಳು. ಇಂಗ್ಲಿಷ್ ಮೇಷ್ಟ್ರಾಗಿದ್ದ, ‘ಪಲ್ಲವಿ’ಯಂಥ ಸಿನಿಮಾ ಮಾಡಿದ್ದ ಪಿ. ಲಂಕೇಶರು 1980ರ ಜುಲೈನಲ್ಲಿ ಶುರುಮಾಡಿದ ವಾರಪತ್ರಿಕೆ ಅದು. ಹೆಸರೇ ಸಂಪಾದಕರದ್ದು. ಅಂದರೆ ಬಸ್ ಫ್ಯಾಕ್ಟರ್ ಒಂದು ಅಂತ ಮುಖಪುಟದಲ್ಲೇ ಅಚ್ಚುಹಾಕಿದ ಹಾಗೆ!

ಪತ್ರಿಕೆ ಜಾಹೀರಾತು ತಗೊಳ್ತಿರಲಿಲ್ಲ. ಇದನ್ನು ಸುಮ್ಮನೆ ಆದರ್ಶ ಅಂತ ಓದಿಬಿಡಬೇಡಿ, ಲೆಕ್ಕವನ್ನೂ ನೋಡಿ. ಸಾಮಾನ್ಯ ಪತ್ರಿಕೆಯೊಂದನ್ನು ತಯಾರಿಸುವ ಖರ್ಚು ಅದರ ಬೆಲೆಗಿಂತ ಜಾಸ್ತಿ, ಆ ಅಂತರ ತುಂಬೋದು ಜಾಹೀರಾತು. ಅದಿಲ್ಲ ಅಂದರೆ ಕಾಗದ, ಮುದ್ರಣ, ಏಜೆಂಟರ ಕಮಿಷನ್, ವರದಿಗಾರರ ಸಂಬಳ ಎಲ್ಲವೂ ಓದುಗ ಕೊಡೋ ಚಿಲ್ಲರೆಯಿಂದಲೇ ಹುಟ್ಟಬೇಕು. ಮಾರಾಟವಾಗದೆ ಉಳಿದ ಪ್ರತಿ ನೇರ ನಷ್ಟ. ಹಾಗಾಗಿ ಪ್ರತಿ ವಾರವೂ ಪರೀಕ್ಷೆ.

ಆದರೆ ಇದರಿಂದ ಸಿಕ್ಕಿದ್ದೇನು? ಫೋನು ಮಾಡಿ ‘ಆ ಸುದ್ದಿ ಬೇಡ’ ಅನ್ನೋ ಜಾಹೀರಾತುದಾರ ಇಲ್ಲ, ದಣಿ ಇಲ್ಲ. ಮುಖ್ಯಮಂತ್ರಿ ಗುಂಡೂರಾಯರನ್ನು ಪತ್ರಿಕೆ ವಾರವಾರ ಕಾಡಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. (ಅದಕ್ಕೆ ಪತ್ರಿಕೆಯೊಂದೇ ಕಾರಣ ಅನ್ನೋದು ಅಪ್ಪನಂಥ ಅಭಿಮಾನಿಗಳ ಉತ್ಪ್ರೇಕ್ಷೆ. ರೈತ ಚಳವಳಿ, ಗೋಕಾಕ್ ಚಳವಳಿ ಎಲ್ಲ ಇದ್ದವಲ್ಲ.)

ನನಗೆ ರಾಜಕೀಯಕ್ಕಿಂತ ದೊಡ್ಡದಾಗಿ ಕಾಣೋದು ಬರೆದವರ ಪಟ್ಟಿ. ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಈ ಪತ್ರಿಕೆಯ ವರದಿಗಾರ್ತಿ. 2025ರಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದೂ ಇಲ್ಲೇ. ದೊಡ್ಡ ಸಂಸ್ಥೆಯಲ್ಲಿ ಅರ್ಜಿ, ಪರೀಕ್ಷೆ, ಸಂದರ್ಶನ, ಶಿಫಾರಸು ಅಂತ ಎಷ್ಟು ಬಾಗಿಲು! ಇಲ್ಲಿ ಬಾಗಿಲು ಒಂದೇ. ಮೇಷ್ಟ್ರಿಗೆ ಹಿಡಿಸಿದರೆ ಒಳಗೆ. ಹಿಡಿಸದಿದ್ದರೆ? ಮೇಲ್ಮನವಿಗೆ ಇನ್ನೊಂದು ಕೋರ್ಟಿಲ್ಲ. ಒಳ್ಳೆಯದೂ ಕೆಟ್ಟದ್ದೂ ಎರಡೂ ಅದೇ ಬಾಗಿಲಿನಿಂದ ಬರುತ್ತಿದ್ದವು ಅಂತ ನನ್ನ ಅನಿಸಿಕೆ.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ಮಕ್ಕಳು ಪತ್ರಿಕೆ ನಿಲ್ಲಿಸೋಣ ಅಂತಲೇ ಹೊರಟಿದ್ದರು. ಅದನ್ನು ಮುದ್ರಿಸುತ್ತಿದ್ದ ‘ಸಂಜೆವಾಣಿ’ಯ ಮಣಿ ಬೇಡವೆಂದು ಒಪ್ಪಿಸಿದರು. ದೆಹಲಿಯಲ್ಲಿದ್ದ, ಅಲ್ಲಿವರೆಗೆ ಇಂಗ್ಲಿಷ್ ಪತ್ರಕರ್ತೆಯಾಗೇ ಹೆಸರಾಗಿದ್ದ ಗೌರಿ ಸಂಪಾದಕಿಯಾದರು, ತಮ್ಮ ಇಂದ್ರಜಿತ್ ವ್ಯವಹಾರ ನೋಡಿಕೊಂಡರು. 2005ರಲ್ಲಿ ಅಕ್ಕ-ತಮ್ಮ ಬೇರೆಯಾದರು, ವಿಷಯ ಪೊಲೀಸ್ ಠಾಣೆಯವರೆಗೂ ಹೋಯಿತು. ಗೌರಿ ‘ಗೌರಿ ಲಂಕೇಶ್’ ಪತ್ರಿಕೆ ಶುರುಮಾಡಿದರು. ಮನೆಯೂ ಆಫೀಸೂ ಒಂದೇ ಆಗಿರುವಲ್ಲಿ ಮನೆಜಗಳವೇ ಆಫೀಸಿನ ಜಗಳ. ನಡುವೆ ಸಿಕ್ಕ ನೌಕರ ಯಾವ ಕಡೆ ಹೋಗಬೇಕು?

ಇನ್ನೊಂದು ಕಷ್ಟ ಕಾನೂನಿನದ್ದು. ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರನ್ನು ಪ್ರತಿ ಸಂಚಿಕೆಯಲ್ಲೂ ಅಚ್ಚುಹಾಕಲೇಬೇಕು. ದೊಡ್ಡ ಪತ್ರಿಕೆಗೆ ಮೊಕದ್ದಮೆ ಬಿದ್ದರೆ ವಕೀಲರ ವಿಭಾಗ ಇರುತ್ತೆ, ಚಿಕ್ಕದರಲ್ಲಿ ಕಟಕಟೆಯಲ್ಲಿ ನಿಲ್ಲೋದು ಸಂಪಾದಕರೇ. 2008ರ ಒಂದು ವರದಿಯ ಮೇಲಿನ ಮಾನನಷ್ಟ ಪ್ರಕರಣದಲ್ಲಿ, 2016ರ ನವೆಂಬರಿನಲ್ಲಿ ಹುಬ್ಬಳ್ಳಿ ನ್ಯಾಯಾಲಯ ಗೌರಿಯವರಿಗೆ ಆರು ತಿಂಗಳ ಶಿಕ್ಷೆ ಕೊಟ್ಟಿತು. ಜಾಮೀನು ಸಿಕ್ಕಿತು. ಆದರೆ ಬೆಂಗಳೂರಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರು, ಪತ್ರಿಕೆಯೋ ವಾರವಾರ ಬರಲೇಬೇಕು.

ನಮ್ಮ ವಿಜಯನಗರದಿಂದ ಕೆಂಗೇರಿ ಕಡೆ ಮೆಟ್ರೋದಲ್ಲಿ ಹೋದರೆ ದಾರಿಯಲ್ಲಿ ರಾಜರಾಜೇಶ್ವರಿ ನಗರ ಬರುತ್ತೆ. ಗೌರಿಯವರ ಮನೆ ಅಲ್ಲಿತ್ತು. 2017ರ ಸೆಪ್ಟೆಂಬರ್ 5ರ ರಾತ್ರಿ ಆಫೀಸಿನಿಂದ ಬಂದವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ನಾವು ತಮಾಷೆಗೆ ಬಸ್ಸು ಅಂತೀವಿ...

ಆ ವಾರ ಆಫೀಸಿನಲ್ಲಿ ಉಳಿದವರ ಸ್ಥಿತಿ ಊಹಿಸಿ. ಸಂಪಾದಕಿ ಇಲ್ಲ, ಪತ್ರಿಕೆ ಇರುತ್ತೋ ಇಲ್ಲವೋ ಗೊತ್ತಿಲ್ಲ, ಮುಂದಿನ ತಿಂಗಳ ಸಂಬಳ ಯಾರು ಕೊಡ್ತಾರೋ ಗೊತ್ತಿಲ್ಲ. ಆದರೂ ಸೇರಿ ‘ನಾನು ಗೌರಿ’ ಅನ್ನೋ ವಿಶೇಷ ಸಂಚಿಕೆ ತಂದರು. 2018ರಲ್ಲಿ ಅವರ ಒಡನಾಡಿಗಳು ಹೊಸ ವಾರಪತ್ರಿಕೆ ಶುರುಮಾಡಿದರು. ಅದರ ಹೆಸರು ‘ನ್ಯಾಯಪಥ’. ಈ ಸಲ ಹೆಸರಿನಲ್ಲಿ ಯಾವ ವ್ಯಕ್ತಿಯೂ ಇಲ್ಲ.