84 ದಿನದ ಸೂಜಿ

2021ರ ಏಪ್ರಿಲ್‌ನಲ್ಲಿ ನಾನು ಕೊಕಟನೂರಿನ ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡ್ತಿದ್ದೆ. ಆ ವಾರ ಮನೆಯಲ್ಲಿ ಇಬ್ಬರಿಗೆ ಆರಾಮಿರಲಿಲ್ಲ. ಕಾಕಾ ಮಿರಜಿನ ಆಸ್ಪತ್ರೆಯಲ್ಲಿದ್ದರು, ಬೆಕ್ಕು ಜೋಳದ ಚೀಲಗಳ ಸಂದಿಯಲ್ಲಿತ್ತು. ಕಾಕಾಗೆ ರೆಮ್‌ಡೆಸಿವಿರ್ ತರಬೇಕು ಅಂತ ಚೀಟಿ ಬರೆದುಕೊಟ್ಟಿದ್ದರು. ಅಥಣಿ, ಸಾಂಗ್ಲಿ, ಬೆಳಗಾವಿ, ಫೋನ್ ಮಾಡದ ಔಷಧಿ ಅಂಗಡಿ ಉಳಿದಿರಲಿಲ್ಲ. ಬೆಕ್ಕಿನ ಹೊಟ್ಟೆ ಗಡಿಗೆಯ ಹಾಗೆ ಉಬ್ಬಿತ್ತು, ಬೆನ್ನೆಲುಬು ಮಾತ್ರ ಎಣಿಸುವಂತಿತ್ತು. ಬೆಂಗಳೂರಿನ ಪಶುವೈದ್ಯರೊಬ್ಬರಿಗೆ ವಿಡಿಯೋ ಕಳಿಸಿದೆ. 'ಎಫ್ಐಪಿ ಇರಬಹುದು. ಬೆಕ್ಕಿನ ಕೊರೊನಾ' ಅಂದರು.

ರಾತ್ರಿ ಓದುತ್ತಾ ಕೂತೆ. ಈ ರೋಗವನ್ನು ಮೊದಲು ಸರಿಯಾಗಿ ಗುರುತಿಸಿ ಬರೆದದ್ದು 1963ರಲ್ಲಿ, ಬಾಸ್ಟನ್‌ನ ಏಂಜೆಲ್ ಮೆಮೋರಿಯಲ್ ಪ್ರಾಣಿ ಆಸ್ಪತ್ರೆಯ ಜೀನ್ ಹೋಲ್ಜ್‌ವರ್ತ್. ಬಹಳಷ್ಟು ಬೆಕ್ಕುಗಳ ಕರುಳಿನಲ್ಲಿ ಒಂದು ಕೊರೊನಾ ವೈರಸ್ ಸುಮ್ಮನೆ ಇರುತ್ತದೆ, ಹೆಚ್ಚೆಂದರೆ ಭೇದಿ. ಕೆಲವೇ ಬೆಕ್ಕುಗಳಲ್ಲಿ ಅದು ಒಳಗೇ ರೂಪ ಬದಲಿಸಿ ಮೈಯೆಲ್ಲ ಹರಡುತ್ತದೆ, ಹೊಟ್ಟೆಯಲ್ಲಿ ಹಳದಿ ಅಂಟುನೀರು ತುಂಬುತ್ತದೆ. ಮುಂದಿನ 50 ವರ್ಷಕ್ಕೂ ಹೆಚ್ಚು ಕಾಲ ಎಫ್ಐಪಿ ಅಂದರೆ ಸಾವು ಅಂತಲೇ ಲೆಕ್ಕ.

ಆ ಲೆಕ್ಕ ತಪ್ಪಿಸಿದವರು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್. ಗಿಲಿಯಡ್ ಕಂಪನಿಯ ಜಿಎಸ್-441524 ಎಂಬ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟು ನೋಡಿದರು. ದಿನಕ್ಕೊಂದು ಇಂಜೆಕ್ಷನ್, ಕನಿಷ್ಠ 12 ವಾರ. 2019ರಲ್ಲಿ ವರದಿ ಬಂದಾಗ 25 ಬೆಕ್ಕು ಬದುಕಿದ್ದವು. ಆದರೆ ಕಂಪನಿ ಅದನ್ನು ಪ್ರಾಣಿಗಳಿಗೆಂದು ಮಾರಲು ಪರವಾನಗಿ ಕೊಡಲಿಲ್ಲ. ಅದರ ಕಣ್ಣು ಅದೇ ಔಷಧದಿಂದ ಹುಟ್ಟಿದ, ಮನುಷ್ಯರಿಗಾಗಿನ ಇನ್ನೊಂದು ಔಷಧದ ಮೇಲಿತ್ತು. ಅದರ ಹೆಸರೇ ರೆಮ್‌ಡೆಸಿವಿರ್. ಮೈಯೊಳಗೆ ಹೋದಮೇಲೆ ರೆಮ್‌ಡೆಸಿವಿರ್ ಬಹುಮಟ್ಟಿಗೆ ಜಿಎಸ್-441524 ಆಗಿಯೇ ರಕ್ತದಲ್ಲಿ ತಿರುಗುತ್ತದೆ!

ಔಷಧ ಇದೆ, ಆದರೆ ಮಾರುವ ಹಾಗಿಲ್ಲ. ಚೀನಾದಿಂದ ಕಳ್ಳಮಾಲು ಬಂತು, ಜನ ಮನೆಯಲ್ಲೇ ನರ್ಸ್ ಆದರು. ಅಡುಗೆಮನೆಯ ಕಟ್ಟೆಯ ಮೇಲೆ ಟವಲ್ ಹಾಸಿ, ಬೆಕ್ಕನ್ನು ಸುತ್ತಿ ಹಿಡಿದು, ದಿನಾ ಅದೇ ಹೊತ್ತಿಗೆ 84 ದಿನ ಸೂಜಿ. ಆ ದ್ರವ ಚರ್ಮದಡಿ ಉರಿಯುತ್ತದೆ, ಕೆಲವಕ್ಕೆ ಹುಣ್ಣಾಗುತ್ತದೆ, ಆದ್ದರಿಂದ ದಿನಾ ಜಾಗ ಬದಲಿಸಬೇಕು. ಮೈತೂಕಕ್ಕೆ ತಕ್ಕಂತೆ ಪ್ರಮಾಣ, ಹಾಗಾಗಿ ಪದೇ ಪದೇ ತೂಗಬೇಕು. ಹೀಗೆ ಮನೆಯಲ್ಲೇ ಆರೈಕೆ ಮಾಡಿದ 393 ಜನರನ್ನು ಕೇಳಿ 2021ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾಯಿತು: 96.7% ಬೆಕ್ಕುಗಳು ಆಗ ಬದುಕಿದ್ದವು. ಬೆಕ್ಕು ಸತ್ತವರು ಎಷ್ಟು ಮಂದಿ ಇಂಥ ಸರ್ವೇ ತುಂಬುತ್ತಾರೆ ಅನ್ನೋ ಅನುಮಾನ ನನಗಿದೆ. ಅದನ್ನು ಕಳೆದರೂ ಇದು ಸಣ್ಣ ಸಂಗತಿಯಲ್ಲ. ಆಸ್ಟ್ರೇಲಿಯಾದ ಪಶುವೈದ್ಯರಂತೂ ಆ ಹೊತ್ತಿಗೆ ಬೆಕ್ಕುಗಳಿಗೆ ರೆಮ್‌ಡೆಸಿವಿರನ್ನೇ ಕೊಡತೊಡಗಿದ್ದರು.

ನಾವು ಕಾಕಾಗೆ ಹುಡುಕುತ್ತಿದ್ದದ್ದೂ ಅದನ್ನೇ.

'ಏನ್ ಓದಾಕತ್ತೀಯೋ ಇಷ್ಟೊತ್ತಿನ್ಯಾಗ?' ಅಂದಳು ಅವ್ವ.

'ಆಫೀಸ್ ಕೆಲಸ ಅವ್ವಾ.'

ಹೇಳೋದಾದರೂ ಹೇಗೆ? ಏಪ್ರಿಲ್ 11ಕ್ಕೆ ಸರ್ಕಾರ ರೆಮ್‌ಡೆಸಿವಿರ್ ರಫ್ತನ್ನೇ ನಿಲ್ಲಿಸಿತ್ತು. ಬಾಟಲಿ ಕಾಳಸಂತೆಯಲ್ಲಿ ಹರಿದಾಡ್ತಿತ್ತು. ಅಂಥದ್ದರಲ್ಲಿ ಬೆಕ್ಕಿಗೂ ಇದೇ ಬೇಕು ಅನ್ನೋ ಮಾತು ಬಾಯಿಗೆ ಬರಲಿಲ್ಲ. ಇವತ್ತಿಗೂ ಅವ್ವನಿಗೆ ಹೇಳಿಲ್ಲ.

ನಮ್ಮ ಕೈಯಲ್ಲಿದ್ದದ್ದು ಆರೈಕೆ ಒಂದೇ. ಅವ್ವ ಹಳೇ ಕೌದಿಯ ತುಂಡು ಹಾಸಿದಳು. ನಾನು ಸೂಜಿ ಕಿತ್ತ ಸಿರಿಂಜಿನಲ್ಲಿ ಮೊಟ್ಟೆಯ ಹಳದಿ ಭಾಗ ಕಲಸಿ, ಬಾಯಿಯ ಪಕ್ಕದಿಂದ ಹನಿ ಹನಿಯಾಗಿ ಹಾಕ್ತಿದ್ದೆ. ನಡುಬಾಯಿಗೆ ಬಿಟ್ಟರೆ ಉಸಿರುನಾಳಕ್ಕೆ ಹೋಗಬಹುದು. ಕೊಡಲು ಔಷಧಿ ಇರದಿದ್ದರೂ ದಿನಾ ತೂಗಿ ಬರೆದಿಟ್ಟೆ, ಎಂಜಿನಿಯರ್ ಚಾಳಿ. ತೂಕ ಏರ್ತಾ ಹೋಯಿತು. ಎರಡು ದಿನ ಖುಷಿಪಟ್ಟೆ. ಆಮೇಲೆ ತಿಳೀತು, ಅದು ಹೊಟ್ಟೆಯ ನೀರಿನ ತೂಕ.

ಹನ್ನೊಂದನೆಯ ದಿನ ಬೆಳಗಿನ ಜಾವ ಬೆಕ್ಕು ಹೋಯಿತು. ಹೊಲದ ಬದುವಿನಲ್ಲಿ ಹೂತೆವು. ಕಾಕಾಗೆ ಕೊನೆಗೂ ಬಾಟಲಿ ಸಿಕ್ಕವು, ಮೇ ತಿಂಗಳಲ್ಲಿ ಮನೆಗೆ ಬಂದರು. ಬಂದವರು ಮೊದಲು ಕೇಳಿದ್ದು, 'ಬೆಕ್ಕ ಎಲ್ಲೈತಿ?'

ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತದಲ್ಲಿ ಕೋವಿಡ್‌ಗೆ ಮೊಲ್ನುಪಿರಾವಿರ್ ಗುಳಿಗೆಗೆ ತುರ್ತು ಅನುಮತಿ ಸಿಕ್ಕಿತು. ಎಫ್ಐಪಿಗೂ ಅದು ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು. 2023ರಲ್ಲಿ ಸೈಪ್ರಸ್ ದ್ವೀಪದಲ್ಲಿ ಬೆಕ್ಕುಗಳು ಸಾಲುಸಾಲಾಗಿ ಸತ್ತಾಗ, ಅಲ್ಲಿನ ಸರ್ಕಾರ ಜನರಿಗೆಂದು ತರಿಸಿಟ್ಟಿದ್ದ ಈ ಗುಳಿಗೆಗಳನ್ನು ಆಗಸ್ಟ್‌ನಲ್ಲಿ ಬೆಕ್ಕುಗಳಿಗೆ ಬಿಟ್ಟುಕೊಟ್ಟಿತು. ಮನುಷ್ಯರ ಕೊರೊನಾ ಔಷಧಿ ಸರ್ಕಾರಿ ಗೋದಾಮಿನಿಂದ ಬೀದಿಬೆಕ್ಕಿನ ಬಾಯಿಗೆ! ಅಮೆರಿಕದಲ್ಲಿ 2024ರ ಜೂನ್‌ನಿಂದ ಜಿಎಸ್-441524 ಪಶುವೈದ್ಯರ ಚೀಟಿಯ ಮೇಲೆ ಬಹಿರಂಗವಾಗಿ ಸಿಗುತ್ತದೆ.

ನಮ್ಮಲ್ಲಿ 2019ರ ಜಾನುವಾರು ಗಣತಿ ನಾಯಿ, ಮೊಲ, ಆನೆಯನ್ನೂ ಎಣಿಸಿದೆ. ಬೆಕ್ಕನ್ನು ಎಣಿಸಿಲ್ಲ.

ಈಗ ಕೊಕಟನೂರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಮನೆಯಲ್ಲಿ ಹೊಸ ಮರಿಯೊಂದಿದೆ. ಹೋದ ವಾರ ಅವ್ವ ಫೋನಿನಲ್ಲಿ ಕೇಳಿದಳು: 'ಅಲ್ಲಿ ಎಮ್ಮಿ ಅಷ್ಟ ನೋಡ್ತಾರೋ, ಬೆಕ್ಕೂ ನೋಡ್ತಾರೋ? ಒಂದೀಟ ಕೇಳಿ ಇಡು.'