ಹಳೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ವಿಂಟೇಜ್ ನೋಂದಣಿ: ಅರ್ಜಿದಾರರ ಮಾಹಿತಿಗಾಗಿ

ಹಳೆಯದಾದ ಯಾವುದೇ ಕಾರನ್ನು ‘ಕ್ಲಾಸಿಕ್’ ಅಥವಾ ‘ವಿಂಟೇಜ್’ ಎಂದು ಕರೆಯುವುದು ರೂಢಿಯಲ್ಲಿದೆ. ಇವುಗಳಲ್ಲಿ ‘ವಿಂಟೇಜ್ ಮೋಟಾರು ವಾಹನ’ ಎಂಬ ಪದಕ್ಕೆ ಮಾತ್ರ ನಿಯಮಗಳಲ್ಲಿ ಅರ್ಥನಿರೂಪಣೆ ಇದ್ದು, ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ 2021ರ ಜುಲೈ ತಿಂಗಳಿನಲ್ಲಿ ತಿದ್ದುಪಡಿ ಮಾಡಿ ಇದನ್ನು ಸೇರಿಸಲಾಗಿರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹಳೆಯ ವಾಹನಗಳನ್ನು ಉಳಿಸಿಕೊಂಡು ಬಂದಿರುವ ಕುಟುಂಬಗಳು ಅರ್ಜಿ ಸಲ್ಲಿಸುವ ಮುನ್ನ, ವಿಶೇಷವಾಗಿ ವಾಹನದ ದುರಸ್ತಿಗೆ ಹಣ ವೆಚ್ಚ ಮಾಡುವ ಮುನ್ನ, ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಅರ್ಹತೆ

ವಾಹನವು ಮೊದಲ ಮಾರಾಟದ ನಂತರ ಪ್ರಥಮ ಬಾರಿಗೆ ನೋಂದಣಿಯಾದ ದಿನಾಂಕದಿಂದ 50 ವರ್ಷಗಳನ್ನು ಮೀರಿರಬೇಕು. ಲೆಕ್ಕ ಹಿಡಿಯುವುದು ತಯಾರಿಕೆಯ ವರ್ಷದಿಂದಲ್ಲ. 1972ರಲ್ಲಿ ತಯಾರಾಗಿ 1974ರಲ್ಲಿ ನೋಂದಣಿಯಾದ ಫಿಯೆಟ್ ಕಾರಿಗೆ 50 ವರ್ಷ ತುಂಬಿದ್ದು 2024ರಲ್ಲಿ. ಸ್ವಂತ ಉಪಯೋಗದ, ಸಾರಿಗೆಯೇತರ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಲಾರಿ, ಬಸ್ಸು, ಟ್ರ್ಯಾಕ್ಟರುಗಳು ಎಷ್ಟೇ ಹಳೆಯವಾದರೂ ಈ ವ್ಯಾಪ್ತಿಗೆ ಬರುವುದಿಲ್ಲ.

ಬೇರೆ ಕಡೆಗಳಲ್ಲಿ ಮಾನದಂಡಗಳು ಬೇರೆಯಾಗಿವೆ. ಬ್ರಿಟನ್ನಿನ ಹಳೆಯ ಕಾರುಗಳ ಸಂಘದ ರೂಢಿಯಂತೆ 1930ರವರೆಗಿನ ಕಾರುಗಳು ಮಾತ್ರ ವಿಂಟೇಜ್ ಎನಿಸುತ್ತವೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷಗಳನ್ನು ಸಾಕೆನ್ನುತ್ತದೆಯಾದರೂ, ವಾಹನವು ಮೂಲಸ್ಥಿತಿಗೆ ತಕ್ಕಂತೆ ಉಳಿದಿರಬೇಕು ಹಾಗೂ ದೈನಂದಿನ ಸಂಚಾರಕ್ಕೆ ಬಳಕೆಯಾಗುತ್ತಿರಬಾರದು ಎಂದು ವಿಧಿಸುತ್ತದೆ. ನೋಂದಣಿಯ ಉದ್ದೇಶಕ್ಕೆ ಇವಾವುವೂ ಗಣನೆಗೆ ಬರುವುದಿಲ್ಲ. ಸಂಘಗಳ ಪ್ರಮಾಣಪತ್ರವು ನೋಂದಣಿಗೆ ಬದಲಿಯಾಗಲಾರದು.

ರಾಜ್ಯದಲ್ಲಿ ಅಂಬಾಸಿಡರ್, ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪುಗಳಲ್ಲದೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಮೋಟಾರ್ ಸೈಕಲ್ಲುಗಳೂ ಈ ವಯಸ್ಸಿಗೆ ಬಂದಿವೆ. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ನೋಂದಣಿ ಸಂಖ್ಯೆಯು ವಯಸ್ಸಿಗೆ ಒಳ್ಳೆಯ ಸೂಚನೆಯೇ ಸರಿ. ಆದರೂ ನಿರ್ಣಾಯಕವಾಗುವುದು ನೋಂದಣಿ ಪುಸ್ತಕದಲ್ಲಿನ ದಿನಾಂಕ.

ಮೂಲಸ್ವರೂಪ

ವಯಸ್ಸು ತುಂಬಿದ ಅನೇಕ ವಾಹನಗಳಿಗೆ ತೊಡಕಾಗುವುದು ಈ ಅಂಶವೇ ಆಗಿರುತ್ತದೆ. ಛಾಸಿ, ಬಾಡಿಯ ಹೊರಕವಚ ಮತ್ತು ಇಂಜಿನ್, ಇವುಗಳಲ್ಲಿ ಯಾವುದೊಂದನ್ನೂ ಮಾರ್ಪಡಿಸಿರಬಾರದೆಂದು ನಿಯಮವು ಹೇಳುತ್ತದೆ. ಪೆಟ್ರೋಲ್ ದುಬಾರಿಯಾದಂತೆಲ್ಲಾ ಅಂಬಾಸಿಡರ್ ಕಾರು, ಜೀಪುಗಳಿಗೆ ಮೂಲ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸುವುದು ಒಂದು ಕಾಲಕ್ಕೆ ಸರ್ವೇಸಾಮಾನ್ಯವಾಗಿತ್ತು. ಅಂದಿನ ಮಾಲೀಕರ ದೃಷ್ಟಿಯಿಂದ ಅದು ವಿವೇಕದ ಕ್ರಮವೇ. ಆ ಬದಲಾವಣೆಯನ್ನು ಕಛೇರಿಯಲ್ಲಿ ದಾಖಲಿಸಿ ಕ್ರಮಬದ್ಧಗೊಳಿಸಿದ್ದರೂ ಸಹ ವಾಹನವು ಮೂಲಸ್ವರೂಪದಲ್ಲಿದೆ ಎನ್ನಲು ಬರುವುದಿಲ್ಲ. ಜೀಪಿನ ಛಾಸಿ ಉದ್ದ ಮಾಡಿಸಿದ್ದಲ್ಲಿ, ಕಾರಿನ ಮೇಲ್ಛಾವಣಿ ಕತ್ತರಿಸಿ ತೆರೆದ ಕಾರು ಮಾಡಿಸಿದ್ದಲ್ಲಿ ಕೂಡ ಇದೇ ಮಾತು ಅನ್ವಯಿಸುತ್ತದೆ.

ಬಣ್ಣ, ಟೈರು, ಸೀಟಿನ ಹೊದಿಕೆಗಳನ್ನು ನಿಯಮವು ಹೆಸರಿಸಿಲ್ಲ. ಆದುದರಿಂದ ಸವೆದ ಸೀಟು, ಮಾಸಿದ ಬಣ್ಣವಿರುವ ಆದರೆ ಮೂಲ ಇಂಜಿನ್ ಉಳಿದಿರುವ ಕಾರು, ಹೊಳೆಯುವ ಬಣ್ಣ ಹಾಗೂ ಬೇರೆ ಇಂಜಿನ್ ಇರುವ ಕಾರಿಗಿಂತ ಅರ್ಹತೆಗೆ ಹತ್ತಿರವಿರುತ್ತದೆ. ಕೆಟ್ಟು ನಿಂತಿರುವ ಮೂಲ ಇಂಜಿನ್ನನ್ನು ಗುಜರಿಗೆ ಹಾಕದಿರುವುದು ಒಳಿತು. ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯ ಅಥವಾ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಭೇಟಿ ನೀಡಿದಲ್ಲಿ ಹಳೆಯ ಕಾರುಗಳನ್ನು ಸಂರಕ್ಷಿಸುವ ಬಗೆಯನ್ನು ಪ್ರತ್ಯಕ್ಷ ಕಾಣಬಹುದಾಗಿದೆ.

ಅರ್ಜಿ ಮತ್ತು ಶುಲ್ಕ

ಅರ್ಜಿಯನ್ನು ನಮೂನೆ 20ರಲ್ಲಿ ಸಲ್ಲಿಸಿ, ವಿಮಾ ಪಾಲಿಸಿ, ಹಳೆಯ ನೋಂದಣಿ ಪ್ರಮಾಣಪತ್ರ ಹಾಗೂ ಆಮದು ವಾಹನವಾಗಿದ್ದಲ್ಲಿ ಸುಂಕ ಇಲಾಖೆಯ ಆಮದು ದಾಖಲೆಯನ್ನು ಲಗತ್ತಿಸತಕ್ಕದ್ದು. 2021ರ ನಿಯಮದಂತೆ ಹೊಸ ನೋಂದಣಿ ಶುಲ್ಕ ರೂ. 20,000, ಅವಧಿ 10 ವರ್ಷ, ಮರುನೋಂದಣಿಗೆ ರೂ. 5,000. ನಮೂನೆ 23ಎ ರಲ್ಲಿ ಪ್ರಮಾಣಪತ್ರ ನೀಡಲು 60 ದಿನಗಳ ಕಾಲಮಿತಿ ಇದೆ. ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ನೀಡಲಾಗುವುದು.

ತಾತನ ಅಥವಾ ತಂದೆಯ ಹೆಸರಿನಲ್ಲಿಯೇ ದಾಖಲೆ ಉಳಿದುಬಿಟ್ಟಿರುವುದುಂಟು. ನೋಂದಾಯಿತ ಮಾಲೀಕರು ಮೃತಪಟ್ಟಿದ್ದಲ್ಲಿ ವಾರಸುದಾರರು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಮಾಲೀಕತ್ವವನ್ನು ಮೊದಲು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಸೂಕ್ತ. ಅಣ್ಣತಮ್ಮಂದಿರಲ್ಲಿ ಒಮ್ಮತವಿರುವಾಗಲೇ ಈ ಕೆಲಸ ಮುಗಿಸಿಕೊಂಡರೆ ಮುಂದಿನ ತೊಡಕು ತಪ್ಪುತ್ತದೆ.

ಬಳಕೆಯ ಮಿತಿ

ವಿಂಟೇಜ್ ನೋಂದಣಿ ಪಡೆದ ವಾಹನವನ್ನು ನಿತ್ಯದ ಅಥವಾ ವಾಣಿಜ್ಯ ಉದ್ದೇಶಕ್ಕೆ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಹಾಗೂ ಇವುಗಳಿಗಾಗಿ ಹೋಗಿ ಬರುವ ಸಂಚಾರಕ್ಕೆ ಅವಕಾಶವಿದೆ. ಚಿತ್ರದುರ್ಗದಿಂದ ಹಿರಿಯೂರು ಮಾರ್ಗವಾಗಿ ಬೆಂಗಳೂರಿನ ಪ್ರದರ್ಶನಕ್ಕೆ ಕಾರನ್ನು ಕೊಂಡೊಯ್ಯಬಹುದು. ಹೊಳಲ್ಕೆರೆಯ ತೋಟದಿಂದ ಭೀಮಸಮುದ್ರಕ್ಕೆ ಅಡಿಕೆ ಸಾಗಿಸಲಾಗದು. ಭಾನುವಾರ ಮನೆಮಂದಿಯನ್ನು ಚಂದ್ರವಳ್ಳಿಗೆ ಕರೆದೊಯ್ಯುವ ವಿಹಾರವೂ ಈ ಪಟ್ಟಿಯಲ್ಲಿ ಸೇರಿರುವುದಿಲ್ಲ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವುದು ವಾಣಿಜ್ಯ ಬಳಕೆಯಾಗುತ್ತದೆ.

ಆದಕಾರಣ, ಸುಸ್ಥಿತಿಯಲ್ಲಿದ್ದು ಮನೆಯ ಕೆಲಸಕ್ಕೆ ಇಂದಿಗೂ ಓಡಾಡುತ್ತಿರುವ ಕಾರಿಗೆ ವಿಂಟೇಜ್ ನೋಂದಣಿ ಪಡೆಯುವುದು ಲಾಭದಾಯಕವಲ್ಲ. ಅಂತಹ ವಾಹನದ ಸಾಮಾನ್ಯ ನೋಂದಣಿಯನ್ನು ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆಗೆ ಒಳಪಡಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳುವುದು ಮೇಲು. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಷೆಡ್ಡಿನಿಂದ ಹೊರಬರುವ ವಾಹನಕ್ಕೆ ವಿಂಟೇಜ್ ನೋಂದಣಿ ಹೊಂದುತ್ತದೆ.

ವಿಂಟೇಜ್ ವಾಹನದ ಮಾರಾಟಕ್ಕೆ ನಿರ್ಬಂಧವಿಲ್ಲ. ಮಾರಿದವರು ಮತ್ತು ಕೊಂಡವರು ಇಬ್ಬರೂ 90 ದಿನಗಳೊಳಗಾಗಿ ತಮ್ಮ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.