ಮೂರು ದೇಶಗಳು ಕೂಡಿ ಮಾಡಿದ ತೋಪು

ತೋಪು ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಬೊಫೋರ್ಸ್. 1986ರಲ್ಲಿ ಭಾರತ ಆ ಸ್ವೀಡನ್ ತೋಪನ್ನು ಕೊಳ್ಳುವ ಮೊದಲು ಬೇರೆ ತೋಪುಗಳೂ ಪೈಪೋಟಿಯಲ್ಲಿದ್ದವು. ಬ್ರಿಟನ್ ಮಾರಲು ಮುಂದಿಟ್ಟಿದ್ದ ಎಫ್‌ಎಚ್-70 ಅವುಗಳಲ್ಲೊಂದು. ಹಗರಣದ ಗದ್ದಲದಲ್ಲಿ ಅದರ ಹೆಸರು ಮರೆಯಾಯಿತು. ಅದರ ಕಥೆಯನ್ನು ನಾವು ಇಲ್ಲಿ ಹೇಳಲು ಹೊರಟಿರುವುದು ಬೇರೆ ಕಾರಣಕ್ಕೆ.

1945ರವರೆಗೂ ಬ್ರಿಟನ್ ಮತ್ತು ಜರ್ಮನಿ ಒಂದರ ಮೇಲೊಂದು ಗುಂಡು ಸುರಿಸುತ್ತಿದ್ದವು. 1943ರವರೆಗೆ ಇಟಲಿ ಜರ್ಮನಿಯ ಪಕ್ಷದಲ್ಲಿತ್ತು. 1968ರಲ್ಲಿ ಬ್ರಿಟನ್ ಮತ್ತು ಪಶ್ಚಿಮ ಜರ್ಮನಿ ಸೇರಿ ಒಂದೇ ತೋಪು ಮಾಡಲು ಒಪ್ಪಿಕೊಂಡವು. 1970ರಲ್ಲಿ ಇಟಲಿಯೂ ಸೇರಿತು. ಹಳೆಯ ವೈರ ಕರಗಿತ್ತು ಎನ್ನುವುದಕ್ಕಿಂತ, ಸೋವಿಯತ್ ಸೇನೆಯ ಭಯ ಮೂವರಿಗೂ ಸಮಾನವಾಗಿತ್ತು ಎನ್ನುವುದೇ ಸರಿ.

ಕೆಲಸವನ್ನು ಹಂಚಿಕೊಂಡರು. ಗಾಡಿಯ ಭಾಗ ಬ್ರಿಟನ್ನಿನದು, ನಳಿಕೆ ಜರ್ಮನಿಯದು, ಗುಂಡು ಹಾರಿದಾಗಿನ ಒದೆತವನ್ನು ತಡೆಯುವ ಯಂತ್ರ ಇಟಲಿಯದು. ನಳಿಕೆಯ ಬಾಯಿ 155 ಮಿಲಿಮೀಟರ್. ನೇಟೋ ದೇಶಗಳ ಅಳತೆ ಅದೇ ಆದ್ದರಿಂದ ಯುದ್ಧದಲ್ಲಿ ಒಬ್ಬರ ಗುಂಡು ಇನ್ನೊಬ್ಬರ ತೋಪಿಗೆ ಹೊಂದಬೇಕೆಂಬುದು ಲೆಕ್ಕಾಚಾರ. ಸಾಮಾನ್ಯ ಗುಂಡು ಸುಮಾರು 24 ಕಿಲೋಮೀಟರ್ ಹೋಗುತ್ತಿತ್ತು. ಒಂಬತ್ತು ಟನ್ನಿಗೂ ಮೀರಿದ ಈ ತೋಪನ್ನು ದೂರಕ್ಕೆ ಲಾರಿ ಎಳೆಯಬೇಕು. ಆದರೆ ಅದಕ್ಕೊಂದು ಫೋಕ್ಸ್‌ವ್ಯಾಗನ್ ಎಂಜಿನ್ ಕೂಡಿಸಿದ್ದರು. ಅದರ ಬಲದಿಂದ ತೋಪು ತಾನೇ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿ ಜಾಗ ಬದಲಿಸುತ್ತಿತ್ತು. ಗುಂಡು ಹಾರಿಸಿದ ಜಾಗವನ್ನು ಶತ್ರು ಪತ್ತೆಹಚ್ಚುವುದರೊಳಗೆ ಅಲ್ಲಿಂದ ಕಾಲ್ತೆಗೆಯಬೇಕಲ್ಲ!

1978ರಲ್ಲಿ ತೋಪು ಸೇನೆಗೆ ಬಂತು. ಜಪಾನ್ ಪರವಾನಗಿ ಪಡೆದು ತನ್ನಲ್ಲೇ ತಯಾರಿಸಿತು. ಇದೇ ಹುರುಪಿನಲ್ಲಿ ಮೂರೂ ದೇಶಗಳು ತಾನೇ ಓಡಾಡುವ ಎಸ್‌ಪಿ-70 ಎಂಬ ದೊಡ್ಡ ತೋಪಿಗೆ ಕೈಹಾಕಿದವು. ತಡವಾಗುತ್ತಾ, ಖರ್ಚು ಏರುತ್ತಾ ಹೋಗಿ, 1980ರ ದಶಕದ ಕೊನೆಯ ಹೊತ್ತಿಗೆ ಅದನ್ನು ಕೈಬಿಟ್ಟರು. ಆಮೇಲೆ ಬ್ರಿಟನ್ ಮತ್ತು ಜರ್ಮನಿ ತಮ್ಮ ತಮ್ಮ ತೋಪುಗಳನ್ನು ಬೇರೆಬೇರೆಯಾಗಿ ಮಾಡಿಕೊಂಡವು.

ಯಾವ ಸೋವಿಯತ್ ದಾಳಿಗಾಗಿ ಎಫ್‌ಎಚ್-70 ಹುಟ್ಟಿತೋ ಆ ದಾಳಿ ನಡೆಯಲೇ ಇಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಗೋದಾಮು ಸೇರಿದ್ದ ತೋಪುಗಳ ಕೆಲಸ ಮುಗಿಯಿತೆಂದೇ ಅನ್ನಿಸುತ್ತಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದಾಗ ಇಟಲಿಯ ತೋಪುಗಳು ಅಲ್ಲಿಗೆ ಹೋದವು. ಒಂದು ಕಾಲದಲ್ಲಿ ಸೋವಿಯತ್ ಒಕ್ಕೂಟದೊಳಗೇ ಇದ್ದ ಎಸ್ಟೋನಿಯಾ ಕೂಡ ತನ್ನಲ್ಲಿದ್ದವನ್ನು ಕೊಟ್ಟಿತು.

ಮೂವರು ಹಳೆಯ ಎದುರಾಳಿಗಳನ್ನು ಒಂದೇ ಕೆಲಸಕ್ಕೆ ಕೂಡಿಸಿದ ತೋಪು ಇದು ಎಂದು ನಾವು ಮೆಚ್ಚಬಹುದು. ಆದರೆ ಅದು ಸಿಡಿದ ಹೊಲಗಳಲ್ಲಿ ಗೋಧಿ, ಸೂರ್ಯಕಾಂತಿ ಬೆಳೆಯುತ್ತಿದ್ದ ರೈತರಿದ್ದರು ಎಂಬುದನ್ನೂ ಜೊತೆಗೇ ಬರೆದುಕೊಳ್ಳಬೇಕು.